ವರ್ತಮಾನದ ದ್ವಾರಪಾಲಕರು

ಪತ್ರಿಕಾಲಯಕ್ಕೆ ಬಂದ ವರ್ತಮಾನಗಳೆಲ್ಲವೂ ಅಚ್ಚಾಗುವುದಿಲ್ಲವೆಂಬುದು ವಾಚಕ ಮಹಾಶಯರಿಗೆ ಹೊಸ ಸಂಗತಿಯಲ್ಲ. ಆದರೆ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿಶ್ಚಯಿಸುವವರು ಯಾರು ಎಂಬ ವಿಚಾರವು ಶಾಸ್ತ್ರವಾಗಿ ಬೆಳೆದದ್ದು ಕಳೆದ ಶತಮಾನದ ನಡುವಿನಲ್ಲಿ. ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಂಗಡಿಯ ಅಥವಾ ಕೈತೋಟದ ಪದಾರ್ಥವು ಊಟಕ್ಕೆ ಬರುವಷ್ಟರಲ್ಲಿ ಎಷ್ಟು ಬಾಗಿಲುಗಳನ್ನು ದಾಟುತ್ತದೆಂದು ಪರಿಶೀಲಿಸಿ, ಆ ಬಾಗಿಲನ್ನು ಕಾಯುವವಳು ಮನೆಯ ಗೃಹಿಣಿಯೆಂದು ಕಂಡನು. ವರ್ತಮಾನಕ್ಕೂ ಇದೇ ನ್ಯಾಯವು ಸಲ್ಲುವುದೆಂದು ಸೂಚಿಸಿದವನೂ ಅವನೇ. ಆ ಸೂಚನೆಯನ್ನು ಹಿಡಿದು ಡೇವಿಡ್ ಮ್ಯಾನಿಂಗ್ ವೈಟ್ ಎಂಬಾತನು 1949ರ ಫೆಬ್ರವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರ ತಂತಿವಾರ್ತೆಗಳ ಸಂಪಾದಕನಿಂದ, ಅವನು ತಳ್ಳಿಹಾಕಿದ ಸುದ್ದಿಗಳ ಮೇಲೆಲ್ಲ ಒಂದು ವಾರಕಾಲ ಕಾರಣವನ್ನು ಬರೆಯಿಸಿದನು. ಬಂದದ್ದರಲ್ಲಿ ಅಚ್ಚಾದದ್ದು ಹತ್ತನೆಯ ಒಂದು ಪಾಲು ಮಾತ್ರ. ಸ್ಥಳವಿಲ್ಲ, ಸ್ವಾರಸ್ಯವಿಲ್ಲ, ಇದು ಪ್ರಚಾರ: ಇಂಥವು ಆತನ ಕಾರಣಗಳು.

ಪರೀಕ್ಷೆಯು ಸರಳ, ಫಲವು ರಮ್ಯ. ಆದರೂ ನನಗೆ ಪೂರ್ಣ ಸಮಾಧಾನವಾಗಲಿಲ್ಲ. ಒಬ್ಬನ ರುಚಿಯ ಮೇಲೆ ಇಷ್ಟು ಭಾರವನ್ನು ಹೊರಿಸುವುದು ಯುಕ್ತವೆ? ವಾಲ್ಟರ್ ಗೀಬರನು 1956ರಲ್ಲಿ ಇಂತಹ ಹಲವು ಸಂಪಾದಕರನ್ನು ನೋಡಿ, ಅವರು ಆರಿಸುವವರಿಗಿಂತ ಹೆಚ್ಚಾಗಿ ಕಾಲದ ಒತ್ತಡದಲ್ಲಿಯೂ ಕೆಲಸದ ಯಂತ್ರದಲ್ಲಿಯೂ ಸಿಕ್ಕಿದವರೆಂದನು. ವೈಕುಂಠದ ಜಯವಿಜಯರಾದರೋ ತಮ್ಮ ಇಚ್ಛೆಯಿಂದಲೇ ಸನಕಾದಿಗಳನ್ನು ತಡೆದು, ಶಾಪವನ್ನು ತಾವೇ ಉಂಡರು. ಪತ್ರಿಕೆಯ ದ್ವಾರಪಾಲಕನಿಗೆ ಶಾಪವೂ ಇಲ್ಲ, ಒಮ್ಮೊಮ್ಮೆ ಇಚ್ಛೆಯೂ ಇಲ್ಲ.

ಬಾಗಿಲಿನ ಮೇಲೊಂದು ಬಾಗಿಲೂ ಉಂಟು. ಮೈಸೂರು ಸರಕಾರವು 1908ರಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧದ ಕಾಯಿದೆಯನ್ನು ತಂದಾಗ, ತಾತಯ್ಯನೆಂದು ಜನರು ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅಧಿಕಾರವು ಒಪ್ಪಿದ್ದನ್ನು ಮಾತ್ರ ಒಳಬಿಡುವ ಕಾವಲುಗಾರನಾಗುವುದಕ್ಕಿಂತ ಬಾಗಿಲನ್ನೇ ಮುಚ್ಚುವುದು ಮೇಲೆಂದು ಅವರು ಬಗೆದಿರಬೇಕು. ಅಮೆರಿಕದವರ ಲೆಕ್ಕದಲ್ಲಿ ಇಂತಹ ತ್ಯಾಗಕ್ಕೆ ಅಂಕಣವೇ ಇಲ್ಲ.

ನನ್ನ ಮುಖ್ಯವಾದ ಆಕ್ಷೇಪಣೆ ಬೇರೆ. ವೈಟನು ಎಣಿಸಿದ್ದು ಮೇಜಿನವರೆಗೆ ಬಂದ ಸುದ್ದಿಯನ್ನು. ಹೊರಡದೆಯೇ ಉಳಿದದ್ದನ್ನು ಎಣಿಸುವವರು ಯಾರು? ಯಡಿಯೂರಿನ ಸುತ್ತಲಿನ ಹಳ್ಳಿಯ ಮಾತು ಕುಣಿಗಲನ್ನು ದಾಟಿ, ತುಮಕೂರನ್ನು ದಾಟಿ, ಬೆಂಗಳೂರಿನ ಮೇಜನ್ನು ಸೇರುವಷ್ಟರಲ್ಲಿ ಬಹುಮಟ್ಟಿಗೆ ದಾರಿಯಲ್ಲಿಯೇ ಸವೆದಿರುತ್ತದೆ. ಈಗ ಮೊಬೈಲಿನಲ್ಲಿ ಬಾಗಿಲೇ ಇಲ್ಲವೆಂದು ನನ್ನ ಮೊಮ್ಮಗನ ವಾದ. ಬಾಗಿಲುಂಟು, ಕಾಯುವುದು ಮನುಷ್ಯನ ಬದಲು ಗಣಿತ, ಅಷ್ಟೆ.

ಕೆಲವು ವರುಷಗಳ ಕೆಳಗೆ ಒಂದು ಹಳ್ಳಿಯ ಕುಡಿಯುವ ನೀರಿನ ಕಷ್ಟವನ್ನು ಕುರಿತು ಪತ್ರಿಕೆಯೊಂದಕ್ಕೆ ಮೂರು ಸಲ ಬರೆದೆನು, ಒಂದೂ ಬರಲಿಲ್ಲ. ಶ್ರೀ ಸಿದ್ಧಲಿಂಗೇಶ್ವರಸ್ವಾಮಿಯವರ ರಥೋತ್ಸವವನ್ನು ಕುರಿತು ನಾಲ್ಕು ಸಾಲು ಕಳುಹಿಸಿದೆನು; ಚಿತ್ರಸಹಿತವಾಗಿ ಬಂದಿತು. ರಥೋತ್ಸವದ ಸುದ್ದಿ ಬಂದುದಕ್ಕೆ ನನಗೆ ಸಂತೋಷವೇ. ಆದರೆ ಆ ಮೂರು ಕಾಗದಗಳ ಮೇಲೆ ಯಾರೂ ಕಾರಣವನ್ನು ಬರೆದಿಡಲಿಲ್ಲ. ಬರೆದಿದ್ದರೂ ಅದು ನನ್ನವರೆಗೆ ಬರಲಿಲ್ಲ.