ಅರ್ಧ ಯಂತ್ರ ಅಂಗಡಿಯದು, ಇನ್ನರ್ಧ ಗೋಡೆಯ ಮೇಲಿನದು

ಸ್ಪ್ಲಿಟ್ ಎಸಿ ಮನೆಗೆ ಬರುವುದು ಎರಡು ಪೆಟ್ಟಿಗೆಗಳಲ್ಲಿ. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟರೂ ಅದು ಇನ್ನೂ ಪೂರ್ತಿ ಯಂತ್ರವಲ್ಲ. ತಂಪು ಮಾಡುವ ಗ್ಯಾಸು ಔಟ್‌ಡೋರ್ ಘಟಕದ ಹೊಟ್ಟೆಯೊಳಗೆ, ಎರಡು ವಾಲ್ವುಗಳ ಹಿಂದೆ ಬಂದಿಯಾಗಿರುತ್ತದೆ. ಇಂಡೋರ್ ಘಟಕದ ಸುರುಳಿ ಬೇರೆ, ತಾಮ್ರದ ಪೈಪು ಬೇರೆ. ಗೋಡೆ ಕೊರೆದು, ಪೈಪಿನ ತುದಿಯನ್ನು ತುತ್ತೂರಿಯ ಬಾಯಂತೆ ಅರಳಿಸಿ, ನಟ್ಟು ಬಿಗಿದು, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಕೊನೆಗೆ ವಾಲ್ವು ತೆರೆದಾಗಲೇ ಅದು ಯಂತ್ರವಾಗುವುದು. ಫ್ರಿಜ್ಜನ್ನು ಕಾರ್ಖಾನೆಯಲ್ಲೇ ಮುಚ್ಚಿ ಪರೀಕ್ಷಿಸಿ ಕಳಿಸುತ್ತಾರೆ. ಹಳೆಯ ವಿಂಡೋ ಎಸಿಯೂ ಒಂದೇ ಡಬ್ಬಿಯಲ್ಲಿ, ಸಿದ್ಧವಾಗಿಯೇ ಬರುತ್ತಿತ್ತು. ಸ್ಪ್ಲಿಟ್ ಎಸಿಯ ಕೊನೆಯ ಜೋಡಣೆ ಮಾತ್ರ ಕೊಂಡವರ ಮಲಗುವ ಕೋಣೆಯಲ್ಲಿ, ಮಂಚದ ಮೇಲೆ ಹಳೇ ಬೆಡ್‌ಶೀಟು ಹೊದಿಸಿ, ಎರಡು ಗಂಟೆಯೊಳಗೆ ಮುಗಿಯುತ್ತದೆ.

ಆ ಎರಡು ಗಂಟೆಗೆ ಯಾರೂ ಬೆಲೆ ಕಟ್ಟುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ 28ರಂದು 38.5. ಫ್ಯಾನು ಕೂಡ ಬೇಡ ಎನ್ನುತ್ತಿದ್ದ ಊರಿನಲ್ಲಿ ಈಗ ಬಾಡಿಗೆ ಮನೆಗಳ ಗೋಡೆಗೂ ಎಸಿ ಬಂದಿದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಂತೂ ಹೇಳಬೇಕಾಗಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಎಷ್ಟು ಸ್ಟಾರ್, ಎಷ್ಟು ಟನ್, ತಿಂಗಳ ಕಂತೆಷ್ಟು ಎಂದು ಗಂಟೆಗಟ್ಟಲೆ ವಿಚಾರಿಸುತ್ತಾರೆ. ಜೋಡಿಸುವವರು ಯಾವ ಸಲಕರಣೆ ತರುತ್ತಾರೆ ಎಂದು ಮಾತ್ರ ಕೇಳುವುದಿಲ್ಲ. ಯಂತ್ರದ ಆಯಸ್ಸು, ಕರೆಂಟ್ ಬಿಲ್ಲು, ಮನೆಯವರ ಸುರಕ್ಷತೆ ಮೂರೂ ನಿಂತಿರುವುದು ಈ ಕೇಳದೇ ಬಿಟ್ಟ ಪ್ರಶ್ನೆಯ ಮೇಲೆ. ವಿಮರ್ಶೆಗೆ ಒಳಗಾಗಬೇಕಾದ್ದು ಯಾವ ಕಂಪನಿಯ ಎಸಿ ಒಳ್ಳೆಯದು ಎಂಬುದಕ್ಕಿಂತ ಹೆಚ್ಚಾಗಿ ಈ ಜೋಡಣೆಯ ರೂಢಿಯೇ.

ರೂಢಿಯ ದೊಡ್ಡ ತಪ್ಪು ವ್ಯಾಕ್ಯೂಮ್ ಹಂತದಲ್ಲಿದೆ. ಹೊಸ ಪೈಪಿನೊಳಗೆ ಗಾಳಿ ಇರುತ್ತದೆ, ಗಾಳಿಯ ಜೊತೆ ತೇವ ಇರುತ್ತದೆ. ಗಾಳಿ ಒಳಗುಳಿದರೆ ಕಂಪ್ರೆಸರ್ ಹೆಚ್ಚಿನ ಒತ್ತಡದಲ್ಲಿ ಏದುಸಿರು ಬಿಡುತ್ತ ದುಡಿಯಬೇಕು. ತೇವ ಉಳಿದರೆ ಕಂಪ್ರೆಸರಿನ ಎಣ್ಣೆಯೊಂದಿಗೆ ಬೆರೆತು ನಿಧಾನವಾಗಿ ಆಮ್ಲವಾಗುತ್ತದೆ, ಮೋಟಾರಿನ ಸುರುಳಿಯನ್ನೇ ತಿನ್ನುತ್ತದೆ. ಇದಕ್ಕೆ ಮದ್ದು ವ್ಯಾಕ್ಯೂಮ್ ಪಂಪು. ಹೊರಗಿನ ಗಾಳಿಯ ಒತ್ತಡ ಸುಮಾರು 7,60,000 ಮೈಕ್ರಾನ್ ಇದ್ದರೆ, ಪೈಪಿನೊಳಗೆ ಅದನ್ನು 500 ಮೈಕ್ರಾನ್‌ಗೆ ಇಳಿಸಬೇಕು. ಅಷ್ಟು ಇಳಿದಾಗ ಕೋಣೆಯ ಬಿಸಿಯಲ್ಲೇ ನೀರಿನ ಹನಿ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಆಮೇಲೆ ಪಂಪು ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಮೀಟರ್ ನೋಡುತ್ತ ಕೂರಬೇಕು. ಒತ್ತಡ ಮತ್ತೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ತೇವ ಉಳಿದಿದೆ. ಇಡೀ ಕೆಲಸದಲ್ಲಿ ಜೋಡಣೆ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುವುದು ಈ ಹತ್ತು ನಿಮಿಷದಲ್ಲಿ ಮಾತ್ರ.

ನಡೆಯುವುದು ಬೇರೆ. ‘ವ್ಯಾಕ್ಯೂಮ್ ಎಲ್ಲ ಬೇಡ ಸಾರ್, ಗ್ಯಾಸಲ್ಲೇ ಗಾಳಿ ತಳ್ಳಿಬಿಡ್ತೀನಿ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಒಂದು ವಾಲ್ವನ್ನು ಸ್ವಲ್ಪ ತೆರೆದು, ಇನ್ನೊಂದು ತುದಿಯ ನಟ್ಟು ಸಡಿಲಿಸಿ, ‘ಸುಸ್’ ಎಂದು ಒಂದಿಷ್ಟು ಗ್ಯಾಸು ಹೊರಗೆ ಬಿಟ್ಟರೆ ಕೆಲಸ ಮುಗಿಯಿತು. ಹಳೆಯ ಆರ್-22 ಗ್ಯಾಸಿನ ಕಾಲದಿಂದ ಬಂದ ಅಭ್ಯಾಸ ಇದು. ಆ ಗ್ಯಾಸಿನ ಜೊತೆಗಿದ್ದ ಖನಿಜ ಎಣ್ಣೆ ತೇವವನ್ನು ಅಷ್ಟಾಗಿ ಹೀರುತ್ತಿರಲಿಲ್ಲ, ತಪ್ಪು ಮುಚ್ಚಿಹೋಗುತ್ತಿತ್ತು. ಈಗಿನ ಎಣ್ಣೆ ಮಳೆಗಾಲದ ಉಪ್ಪಿನಂತೆ ತೇವ ಕುಡಿಯುತ್ತದೆ. ಮೊದಲ ವರ್ಷ ಕೋಣೆ ತಂಪಾಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೂರನೆಯ ಬೇಸಿಗೆಯಲ್ಲಿ ಕಂಪ್ರೆಸರ್ ಸುಟ್ಟಾಗ ಬೈಗುಳ ಬೀಳುವುದು ಕಂಪನಿಗೆ.

ಹೊರಗೆ ಬಿಟ್ಟ ಗ್ಯಾಸಿನ ಲೆಕ್ಕವೂ ಸಣ್ಣದಲ್ಲ. ಇಂದಿನ ಬಹುಪಾಲು ಮನೆ ಎಸಿಗಳಲ್ಲಿರುವ ಆರ್-32, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 675 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡಬಲ್ಲದು. ನೂರು ಗ್ರಾಂ ‘ಸುಸ್’ ಎಂದರೆ ಅರವತ್ತೇಳು ಕಿಲೋಗೂ ಮಿಕ್ಕ ಡೈ ಆಕ್ಸೈಡ್ ಬಿಟ್ಟ ಹಾಗೆ. ಇಂಥ ಗ್ಯಾಸುಗಳ ಬಳಕೆ ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅಂಗೀಕರಿಸಿತು. ಆ ಒಪ್ಪಂದ ದಿಲ್ಲಿಯಿಂದ ಹೊರಟು ಬೆಂಗಳೂರಿನ ರಾಜಾಜಿನಗರದ ಮೂರನೆಯ ಮಹಡಿಯ ಸ್ಪ್ಯಾನರ್‌ವರೆಗೆ ಇನ್ನೂ ತಲುಪಿಲ್ಲ.

ಆರ್-32 ಅಲ್ಪಸ್ವಲ್ಪ ಉರಿಯುವ ಗ್ಯಾಸೂ ಹೌದು. ಇದನ್ನು ಕೇಳಿ ಬೆಚ್ಚಬೇಕಾಗಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ, ಹತ್ತಡಿ ಎತ್ತರ ಹಿಡಿದರೆ, ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಒಂದು ಕಿಲೋ ಗ್ಯಾಸು ಪೂರ್ತಿ ಸೋರಿ ಕೋಣೆಯೆಲ್ಲ ಸಮನಾಗಿ ಹರಡಿದರೂ ಅದು ಉರಿಯಲು ಬೇಕಾದ ಸಾಂದ್ರತೆಯ ಹತ್ತನೇ ಒಂದು ಪಾಲಿನಷ್ಟೇ. ಅಪಾಯ ಇರುವುದು ಕೆಲಸ ನಡೆಯುವ ಹೊತ್ತಿನಲ್ಲಿ. ಪೈಪಿನಲ್ಲಿ ಗ್ಯಾಸು ಇದ್ದಾಗಲೇ ಬೆಸುಗೆಯ ಜ್ವಾಲೆ ಹಿಡಿಯುವುದು, ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್ ಬದಲು ಕೈಗೆ ಸಿಕ್ಕ ಆಕ್ಸಿಜನ್ ಸಿಲಿಂಡರ್ ಜೋಡಿಸುವುದು. ಎಣ್ಣೆಯ ಪಸೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಸ್ಫೋಟವೇ. ಹನ್ನೊಂದು ತಿಂಗಳ ಕರಾರು ಮುಗಿದು ಬಾಡಿಗೆದಾರರು ಮನೆ ಬದಲಿಸುವಾಗ ಇನ್ನೊಂದು ಅಪಾಯ ಎದುರಾಗುತ್ತದೆ. ಎಸಿ ಕಳಚುವ ಮುನ್ನ ಗ್ಯಾಸನ್ನು ಔಟ್‌ಡೋರ್‌ಗೆ ಎಳೆದುಕೊಳ್ಳಲು ಕಂಪ್ರೆಸರ್ ಓಡಿಸುತ್ತಾರೆ. ಅದು ಓಡುತ್ತಿರುವಾಗಲೇ ಪೈಪು ಬಿಚ್ಚಿದರೆ ಗಾಳಿ ಒಳನುಗ್ಗಿ ಎಣ್ಣೆಯ ಮಂಜಿನೊಂದಿಗೆ ಬೆರೆಯುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಒತ್ತಡದ ಬಿಸಿಗೇ ಹೊತ್ತಿಕೊಂಡು ಕಂಪ್ರೆಸರ್ ಸಿಡಿಯಬಹುದು. ಮೊದಲು ಕಂಪ್ರೆಸರ್ ನಿಲ್ಲಬೇಕು, ಆಮೇಲೆ ನಟ್ಟು. ಈ ಕ್ರಮ ಎಂದೂ ತಿರುವುಮುರುವಾಗಬಾರದು.

‘ಗ್ಯಾಸ್ ಕಡಿಮೆ ಆಗಿದೆ, ಪ್ರತಿವರ್ಷ ತುಂಬಿಸಬೇಕು’ ಎಂಬುದು ಶುದ್ಧ ಸುಳ್ಳು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ಕರೆಂಟು. ಒಂದೂವರೆ ಟನ್ನಿನ ಎಸಿ ಪೂರ್ತಿ ದುಡಿಯುವಾಗ ಏಳೆಂಟು ಆಂಪಿಯರ್ ಎಳೆಯುತ್ತದೆ. ಎರಡು ಸಾವಿರ ವಾಟಿನ ಗೀಸರ್ ಎಳೆಯುವುದೂ ಸುಮಾರು ಅಷ್ಟೇ. ಹಾಗಿದ್ದ ಮೇಲೆ ಗೀಸರ್ ಲೈನಿನಿಂದಲೇ ಎಸಿಗೂ ಎಳೆದರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ತಪ್ಪು ಮೊದಲಿಗೆ ಹೊತ್ತಿನದು. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ. ಎಸಿ ರಾತ್ರಿ ಎಂಟು ಗಂಟೆ ಓಡುತ್ತದೆ. ಸಡಿಲ ಸ್ಕ್ರೂ, ತಿರುಚಿ ಟೇಪು ಸುತ್ತಿದ ಜಾಯಿಂಟು, ಹಳೆಯ ಸಾಕೆಟ್ಟಿನ ಸವೆದ ಹಿತ್ತಾಳೆ ಇವು ಹದಿನೈದು ನಿಮಿಷದಲ್ಲಿ ಬೆಚ್ಚಗಾಗಿ ತಣ್ಣಗಾಗುತ್ತವೆ. ಎಂಟು ಗಂಟೆಯಲ್ಲಿ ಪ್ಲಾಸ್ಟಿಕ್ ಕರಗಿ ಕಪ್ಪಾಗುತ್ತವೆ. ಬೆಳಗಿನ ಜಾವ ಎಸಿ ಇನ್ನೂ ಓಡುತ್ತಿರುವಾಗಲೇ ಯಾರೋ ಗೀಸರ್ ಹಾಕಿದರೆ ಒಂದೇ ತಂತಿಯ ಮೇಲೆ ಹದಿನಾರು ಆಂಪಿಯರ್. ಆಗ ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಬಿದ್ದರೆ, ಅದರ ಜಾಗಕ್ಕೆ ದೊಡ್ಡ ಎಂಸಿಬಿ ಹಾಕಿ ಹೋಗುವವರೂ ಇದ್ದಾರೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿ ಸಣ್ಣದಾಗಿಯೇ ಉಳಿದು ಎಂಸಿಬಿ ದೊಡ್ಡದಾದರೆ ಕಾವಲುಗಾರನಿಗೆ ನಿದ್ದೆ ಔಷಧ ಕೊಟ್ಟಂತೆ. ಬೋರ್ಡಿನಿಂದ ನೇರ ಬರುವ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೆ ತಕ್ಕ 20 ಆಂಪಿಯರಿನ ಪ್ರತ್ಯೇಕ ಎಂಸಿಬಿ, 30 ಮಿಲಿ ಆಂಪಿಯರ್ ಕರೆಂಟು ಸೋರಿದರೂ ಬೀಳುವ ಆರ್‌ಸಿಸಿಬಿ, ನಿಜವಾಗಿ ನೆಲ ಮುಟ್ಟುವ ಅರ್ಥಿಂಗ್ ಇಷ್ಟನ್ನು ಎಸಿ ಆರ್ಡರ್ ಮಾಡುವ ಮೊದಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಬೇಕು. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಅರ್ಥಿಂಗಿನ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿಯೇ ಇಲ್ಲದಿರಬಹುದು. ಮೀಟರ್ ಹಿಡಿದು ನೋಡದೆ ಅದು ತಿಳಿಯುವುದಿಲ್ಲ.

ಗೋಡೆಯ ವಿಷಯದಲ್ಲಿ ರೂಢಿ ಕಾಲಕ್ಕೆ ತಕ್ಕಂತೆ ಬದಲಾಗಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ಹಿಡಿದು ನಿಲ್ಲುತ್ತಿದ್ದ ಆಂಕರ್ ಬೋಲ್ಟನ್ನೇ ಇಂದಿನ ಅಪಾರ್ಟ್‌ಮೆಂಟಿನ ಟೊಳ್ಳು ಬ್ಲಾಕಿಗೂ, ಬಿಸ್ಕತ್ತಿನಂಥ ಹಗುರ ಎಎಸಿ ಬ್ಲಾಕಿಗೂ ಹೊಡೆಯುತ್ತಾರೆ. ಹಿಗ್ಗುವ ಬೋಲ್ಟು ಅಲ್ಲಿ ಹಿಡಿಯುವುದಿಲ್ಲ, ಸುತ್ತಲಿನ ಬ್ಲಾಕನ್ನು ಪುಡಿ ಮಾಡುತ್ತದೆ. ಔಟ್‌ಡೋರ್ ಘಟಕ 25ರಿಂದ 35 ಕಿಲೋ ತೂಗುತ್ತದೆ, ಮೇಲಾಗಿ ಪ್ರತಿದಿನ ಅದುರುತ್ತದೆ. ರಾಸಾಯನಿಕ ಆಂಕರ್ ಅಥವಾ ಗೋಡೆಯ ಆಚೆ ಪ್ಲೇಟು ಕೊಟ್ಟು ಹಾಯಿಸಿದ ಬೋಲ್ಟು ಬೇಕು. ಸಾಧ್ಯವಾದರೆ ನೆಲದ ಮೇಲೋ ಚಜ್ಜದ ಮೇಲೋ ಕೂರಿಸುವುದು ಎಲ್ಲಕ್ಕಿಂತ ಉತ್ತಮ. ದಿಲ್ಲಿಯ ಕರೋಲ್‌ಬಾಗ್‌ನಲ್ಲಿ 2024ರ ಆಗಸ್ಟಿನಲ್ಲಿ ಎರಡನೆಯ ಮಹಡಿಯಿಂದ ಔಟ್‌ಡೋರ್ ಘಟಕವೊಂದು ಕಳಚಿ ಬಿದ್ದು, ಕೆಳಗೆ ಸ್ಕೂಟರಿನ ಮೇಲೆ ಕೂತಿದ್ದ ಹದಿಹರೆಯದ ಹುಡುಗ ಸತ್ತ. ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ನೋಡಿದವರು ತಮ್ಮ ಮನೆಯ ಸ್ಟ್ಯಾಂಡಿನ ತುಕ್ಕನ್ನೂ ಒಮ್ಮೆ ಇಣುಕಿ ನೋಡಬೇಕಿತ್ತು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬಣ್ಣ ಹಚ್ಚಿದ ಕಬ್ಬಿಣಕ್ಕೆ ಹೆಚ್ಚು ಆಯಸ್ಸಿಲ್ಲ.

ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿಯೊಳಗೆ ಔಟ್‌ಡೋರ್ ಇಡುವುದು ವ್ಯರ್ಥ. ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಕುಡಿಯುತ್ತದೆ. ಡ್ರೇನ್ ಪೈಪಿಗೆ ಉದ್ದಕ್ಕೂ ಇಳಿಜಾರು ಇರಬೇಕು. ಜೋಡಿಸುವವರು ಹೊರಡುವ ಮುನ್ನ ಇಂಡೋರ್ ತಟ್ಟೆಗೆ ಒಂದು ಬಾಟಲಿ ನೀರು ಸುರಿದು ಹೊರಗೆ ಬರುವುದನ್ನು ನೋಡಿದರೆ ಸಾಕು. ಟನ್ನಿನ ಆಸೆಯೂ ಬೇಡ. ಸಣ್ಣ ಕೋಣೆಗೆ ದೊಡ್ಡ ಎಸಿ ಹಾಕಿದರೆ ಗಾಳಿ ಬೇಗ ತಣ್ಣಗಾಗಿ ಯಂತ್ರ ನಿಲ್ಲುತ್ತದೆ, ತೇವ ಮಾತ್ರ ಉಳಿದು ಮೈ ಅಂಟಂಟು. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು.

ರಿಮೋಟಿನ ವಿಷಯಕ್ಕೆ ಬಂದರೆ ಮೆಚ್ಚಬೇಕಾದ ಒಂದು ಕೆಲಸ ಆಗಿದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂತು. ಕೇಂದ್ರದ ಇಂಧನ ದಕ್ಷತಾ ಬ್ಯೂರೋದ (ಬಿಇಇ) ಲೆಕ್ಕದ ಪ್ರಕಾರ ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ ಆರರಷ್ಟು ವಿದ್ಯುತ್ ಉಳಿಯುತ್ತದೆ. ಆದರೂ ಬಿಸಿಲಿನಿಂದ ಬಂದವರ ಬೆರಳು ನೇರ 16ಕ್ಕೆ ಹೋಗುತ್ತದೆ. 16 ಎಂಬುದು ಎಸಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವ ಗುರುತು, ಎಷ್ಟು ಜೋರಾಗಿ ಓಡಬೇಕೆಂಬ ಆಜ್ಞೆಯಲ್ಲ. ಬಿಸಿಯಾದ ಕೋಣೆಯಲ್ಲಿ ಸಾಮಾನ್ಯ ಎಸಿ 24ಕ್ಕೂ 16ಕ್ಕೂ ಒಂದೇ ವೇಗದಲ್ಲಿ ದುಡಿಯುತ್ತದೆ. 26ಕ್ಕೆ ಇಟ್ಟು ಫ್ಯಾನು ನಿಧಾನಕ್ಕೆ ತಿರುಗಿಸಿದರೆ ಮೈಗೆ ಸಿಗುವ ಸುಖ ಬೇರೆಯೇ. ಜಡಿಮಳೆಯ ಮಂಗಳೂರಿಗೆ ಡ್ರೈ ಮೋಡು ಹೇಳಿಮಾಡಿಸಿದ್ದು. ಇಷ್ಟು ವಿಷಯವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಪೆಟ್ಟಿಗೆಯೊಳಗೆ ಇಡುವುದು ಕಂಪನಿಗಳಿಗೆ ಭಾರವಾಗಬಾರದು.

ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಮಲಗುವ ಮನೆಗಳಿವೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿದ್ದುದನ್ನೇ ತಿರುಗಿಸುತ್ತದೆ. ಬತ್ತಿಯ ಹೊಗೆ ರಾತ್ರಿಯೆಲ್ಲ ಮಕ್ಕಳ ಎದೆಯಲ್ಲೇ ಸುತ್ತುತ್ತದೆ. ಇದನ್ನು ಇಂದೇ ನಿಲ್ಲಿಸಬೇಕು.

ಜೋಡಿಸುವ ಹುಡುಗರನ್ನು ದೂರಿ ಈ ವಿಷಯ ಮುಗಿಸಲಾಗದು. ತಾಮ್ರದ ತುದಿಯನ್ನು ಬಿರುಕಿಲ್ಲದೆ ಅರಳಿಸುವ, ಪೈಪನ್ನು ಮಂಡಿಯ ಮೇಲೆ ಸೊಟ್ಟಗಾಗದಂತೆ ಬಗ್ಗಿಸುವ ಅವರ ಕೈಗುಣ ದೊಡ್ಡದು. ಎಷ್ಟು ಎಸಿಗೆ ಅಷ್ಟೇ ಹಣ ಎಂಬ ಲೆಕ್ಕದಲ್ಲಿ, ಏಪ್ರಿಲ್‌ನ ಉರಿಯಲ್ಲಿ ದಿನಕ್ಕೆ ನಾಲ್ಕೈದು ಮನೆ ಹತ್ತಿಳಿಯುವವನಿಗೆ ವ್ಯಾಕ್ಯೂಮ್ ಪಂಪಿಗೆ ಕೊಡಬೇಕಾದ ಮುಕ್ಕಾಲು ಗಂಟೆ ಊಟದ ಹೊತ್ತನ್ನೇ ಕಸಿಯುತ್ತದೆ. 2019ರ ಭಾರತ ಕೂಲಿಂಗ್ ಆಕ್ಷನ್ ಪ್ಲಾನ್ 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಆ ಪ್ರಮಾಣಪತ್ರವನ್ನು ಮನೆಯವರು ಕೇಳುವಂತಾದರೆ, ವ್ಯಾಕ್ಯೂಮಿಗೆ ಪ್ರತ್ಯೇಕ ಕೂಲಿ ಕೊಡುವಂತಾದರೆ ರೂಢಿ ತಾನಾಗಿ ಬದಲಾಗಲು ಶುರುವಾಗುತ್ತದೆ.

ಅದಕ್ಕೂ ಮೊದಲಿನ ಮಾತು ಅವರ ಜೀವದ್ದು. ನಾಲ್ಕನೆಯ ಮಹಡಿಯ ಪ್ಯಾರಪೆಟ್ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು, ಸೊಂಟದ ಬೆಲ್ಟನ್ನು ಕಿಟಕಿಯಿಂದ ಹಿಡಿದುಕೊಂಡ ಸಹಾಯಕ ಹುಡುಗ: ಬೆಂಗಳೂರಿನ ಯಾವ ಬಡಾವಣೆಯಲ್ಲಿ ತಲೆ ಎತ್ತಿದರೂ ಈ ಚಿತ್ರ ಕಾಣುತ್ತದೆ. ಮೈಪೂರ್ತಿ ಬಿಗಿಯುವ ಸುರಕ್ಷಾ ಬೆಲ್ಟು ಇಲ್ಲದೆ ಹೊರಗೆ ಕಾಲಿಡಬೇಡಿ ಎಂದು ಹೇಳುವ ಹಕ್ಕು ಮನೆಯವರಿಗಿದೆ, ಹೇಳಬೇಕಾದ ಹೊಣೆಯೂ ಇದೆ. ಹೊಸ ಕಟ್ಟಡಗಳ ನಕ್ಷೆಯಲ್ಲಿ ಎಸಿಗೆಂದು ಹೊರಗೆ ಕಟ್ಟೆ ಬಿಡುವುದನ್ನು ವಾಸ್ತುಶಿಲ್ಪಿಗಳು ಕಲಿತಿದ್ದಾರೆ. ಆದರೆ ಎಷ್ಟೋ ಕಡೆ ಆ ಕಟ್ಟೆ ತಲುಪಲು ಬಚ್ಚಲುಮನೆಯ ಕಿಟಕಿಯಿಂದ ನುಸುಳಬೇಕು. ಅಲ್ಲಿಗೊಂದು ಸಣ್ಣ ಬಾಗಿಲು, ಪಕ್ಕದ ಕಾಂಕ್ರೀಟಿನಲ್ಲಿ ಹಗ್ಗ ಬಿಗಿಯಲು ಒಂದು ಉಕ್ಕಿನ ಬಳೆ. ಗೋಡೆ ಏಳುವ ಮೊದಲೇ ಇವೆರಡನ್ನು ನಕ್ಷೆಯಲ್ಲಿ ಬರೆದರೆ, ಪ್ರತಿ ಬೇಸಿಗೆಯೂ ಆ ಕಟ್ಟೆಗೆ ಇಳಿಯುವ ಹುಡುಗ ಅಲ್ಲಿ ಎರಡೂ ಕಾಲೂರಿ ನಿಂತು ಕೆಲಸ ಮಾಡಬಹುದು.