ನಾಲ್ಕು ನಿಮಿಷದ ಕಡಲು

ಶುಕ್ರವಾರ ಸಂಜೆ ನಮ್ಮ ಹೆತ್ತೂರಿನ ರಸ್ತೆಬದಿಯಲ್ಲಿ ನಿಂತರೆ, ಬೆಂಗಳೂರಿನ ಕಾರುಗಳು ಒಂದರ ಹಿಂದೊಂದು ಬಿಸಿಲೆಯ ಕಡೆಗೆ ಹೋಗುವುದು ಕಾಣುತ್ತದೆ. ಹೋಂಸ್ಟೇಗಳಲ್ಲಿ ಎರಡು ರಾತ್ರಿ ಕಳೆದು ಭಾನುವಾರ ಮಧ್ಯಾಹ್ನ ಅವು ಮರಳುತ್ತವೆ. ಇದು ಹಳೆಯ ಸುದ್ದಿ. ಈಗ ಅದೇ ಶುಕ್ರವಾರ ನಮ್ಮೂರಿನ ಹುಡುಗರೂ ಬಾಡಿಗೆ ವ್ಯಾನು ಮಾಡಿಕೊಂಡು ಘಟ್ಟ ಇಳಿಯುತ್ತಿದ್ದಾರೆ. ನಗರದವರಿಗೆ ನಮ್ಮ ಬೆಟ್ಟ ಬೇಕು, ನಮ್ಮವರಿಗೆ ಕಡಲು ಬೇಕು.

ಈ ಚಳಿಗಾಲದಲ್ಲಿ ನಮ್ಮ ಸೋದರಳಿಯನೂ ಗೆಳೆಯರ ಜೊತೆ ಹೋಗಿಬಂದ. ಗೋಕರ್ಣದಲ್ಲಿ ಒಂದು ರಾತ್ರಿ, ಮರುದಿನ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ, ನೀರೊಳಗೆ ಸ್ಕೂಬಾ, ಅಲ್ಲಿಂದ ರಾತ್ರೋರಾತ್ರಿ ಮನೆ. ಬಂದವನೇ ಎಲ್ಲವನ್ನೂ ಮೊಬೈಲಿನಲ್ಲಿ ಕತ್ತರಿಸಿ, ಹಾಡು ಸೇರಿಸಿ, ನಾಲ್ಕು ನಿಮಿಷದ ಒಂದು ಚಿತ್ರ ಮಾಡಿ ನಮಗೆ ತೋರಿಸಿದ. ಕತೆ, ಕಾದಂಬರಿಗಳ ಬಗ್ಗೆ ಬರೆಯುವ ನಾವು ಇದನ್ನೂ ಒಂದು ಕೃತಿಯೆಂದು ನೋಡಬಾರದೇಕೆ ಎನಿಸಿತು. ಪುರವಣಿಗಳ ಪ್ರವಾಸ ಲೇಖನ ಓದದ ಎಷ್ಟೋ ಮನೆಗಳಿಗೆ ಇಂದು ತಲುಪುತ್ತಿರುವ ಪ್ರವಾಸ ಕಥನ ಇದೇ ತಾನೆ?

ಮೊದಲ ಭಾಗದಲ್ಲಿ ರಾತ್ರಿ, ಬಣ್ಣದ ದೀಪ, ಕುಣಿತ. ಅವನ ತಾಯಿ ಮುಖ ತಿರುಗಿಸಿದಳು. ಹುಡುಗರ ಕುಣಿತದ ಮೇಲೆ ಫತ್ವಾ ಹೊರಡಿಸುವ ಉಮೇದು ನಮಗಿಲ್ಲ. ನಮ್ಮ ತಕರಾರೇ ಬೇರೆ. ಆ ದೀಪಗಳ ಹಿಂದೆ, ಚಿತ್ರದ ಮೂಲೆಯಲ್ಲಿ, ಕತ್ತಲ ನೀರಿನ ಮೇಲೆ ಸಾಲಾಗಿ ಇನ್ನೂ ಕೆಲವು ದೀಪಗಳಿವೆ. ಅವು ಮೀನಿಗೆ ಹೋದ ದೋಣಿಗಳು. ಆ ರಾತ್ರಿ ಎಚ್ಚರವಿದ್ದವರು ಕುಣಿಯುವವರಷ್ಟೇ ಅಲ್ಲ. ಆದರೆ ಕ್ಯಾಮೆರಾ ಅತ್ತ ಒಮ್ಮೆಯೂ ಹೊರಳುವುದಿಲ್ಲ.

ನೀರೊಳಗಿನ ಭಾಗ ಚೆನ್ನಾಗಿದೆ, ಒಪ್ಪಬೇಕು. ಈಜು ಬಾರದವರನ್ನೂ ತರಬೇತುದಾರರು ಬೆನ್ನಿನ ಸಿಲಿಂಡರ್ ಹಿಡಿದು ಇಳಿಸುತ್ತಾರೆ. ಬಾಯಿಂದಲೇ ಉಸಿರಾಡಬೇಕು, ಮೂಗು ಹಿಡಿದು ಗಾಳಿ ಒತ್ತಿ ಕಿವಿ ಸರಿಮಾಡಿಕೊಳ್ಳಬೇಕು. ನಮ್ಮ ಹುಡುಗನ ಕಣ್ಣಿನಲ್ಲಿ ಮೊದಲು ಭಯ, ಆಮೇಲೆ ಒಂದು ಮೀನಿನ ಹಿಂಡು ಪಕ್ಕದಲ್ಲೇ ಹಾದುಹೋದಾಗ ಬೆರಗು. ಆ ಇಪ್ಪತ್ತು ಸೆಕೆಂಡುಗಳಲ್ಲಿ ಹಾಡು ಇಲ್ಲದಿದ್ದರೆ ಇನ್ನೂ ಚೆನ್ನಿತ್ತು. ಉಳಿದ ಮೂರೂವರೆ ನಿಮಿಷ ಬೇರೆ ಯಾರದಾದರೂ ಚಿತ್ರವಾಗಬಹುದಿತ್ತು. ಇದು ಮಾತ್ರ ಅವನದು.

"ನಿನ್ನನ್ನು ಹಿಡಿದುಕೊಂಡಿದ್ದವನ ಹೆಸರೇನು?" ಎಂದು ಕೇಳಿದೆವು.

"ಗೊತ್ತಿಲ್ಲ ಮಾಮೂ. ಅಲ್ಲಿ ಯಾರು ಕೇಳ್ತಾರೆ?"

ಈ ಉತ್ತರವೇ ನಮ್ಮನ್ನು ಬರೆಯಲು ಕೂರಿಸಿದ್ದು. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಸುತ್ತ ಹವಳದ ಬಂಡೆಗಳಿವೆ, ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಕರಾವಳಿಯ ಮೀನುಗಾರರು ಹರಕೆ ಹೊತ್ತು ನಡೆದುಕೊಳ್ಳುವ ಜಾಗ ಅದು. ಹಾಗೆ ಬಿಟ್ಟ ಮೇಕೆಗಳು ಅಲ್ಲಿ ಕಾಡುಮೇಕೆಗಳಾಗಿ ಅಲೆದಿವೆ. ನೌಕಾಪಡೆ ಅದೇ ಬಂಡೆಗಳನ್ನು ಗುರಿ ಅಭ್ಯಾಸಕ್ಕೂ ಬಳಸಿದೆ. ಇನ್ನು ದಡದಲ್ಲಿ, ಮುರುಡೇಶ್ವರ ಮತ್ತು ಭಟ್ಕಳದ ನವಾಯತ ಮನೆಗಳಲ್ಲಿ, ಕಡಲೆಂದರೆ ಗಂಡ, ಮಕ್ಕಳನ್ನು ದುಬೈಗೆ ಕಳಿಸಿಕೊಟ್ಟ ದಿಕ್ಕು. ಇಷ್ಟೆಲ್ಲ ಇರುವ ಕಡೆ ಹೋಗಿ ನಾಲ್ಕು ನಿಮಿಷದಲ್ಲಿ ತಂದದ್ದು ನೀಲಿ ಬಣ್ಣ ಮಾತ್ರ.

ಹುಡುಗನಿಗೆ ಹೋಲಿಕೆಗಾಗಿ ಇನ್ನೊಬ್ಬ ಪ್ರಯಾಣಿಕನ ಕತೆ ಹೇಳಿದೆವು. 1340ರ ದಶಕದಲ್ಲಿ ಇಬ್ನ್ ಬತೂತ ಇದೇ ಕರಾವಳಿಗೆ, ಮುರುಡೇಶ್ವರದ ಪಕ್ಕದ ಹೊನ್ನಾವರಕ್ಕೆ ಬಂದಿದ್ದ. ಆತ ಕಡಲು ಎಷ್ಟು ಸುಂದರ ಎಂದು ಬರೆದು ಸುಮ್ಮನಾಗಲಿಲ್ಲ. ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳದು 23 ಎಂದು ಎಣಿಸಿದ. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದನ್ನು ಗುರುತಿಸಿದ. ಊಟಕ್ಕೆ ಅನ್ನದ ಜೊತೆ ಏನೇನು, ಯಾವ ಕ್ರಮದಲ್ಲಿ ಬಡಿಸಿದರು ಎಂಬುದನ್ನೂ ಬಿಡಲಿಲ್ಲ. ಆತ ಸಂತನೇನಲ್ಲ. ಅಲ್ಲಿನ ಸುಲ್ತಾನನ ಜೊತೆ ಗೋವೆಯ ಮೇಲಿನ ದಂಡಯಾತ್ರೆಗೂ ಹೋದವನು. ಆದರೂ ಆ ಊರಿನಲ್ಲಿ ಜನ ಇದ್ದರು ಎಂಬುದು ಏಳು ಶತಮಾನಗಳ ಬಳಿಕವೂ ಅವನ ಬರಹದಿಂದ ತಿಳಿಯುತ್ತದೆ.

"ಅವನಿಗೆ ಸೋಮವಾರ ಡ್ಯೂಟಿ ಇರಲಿಲ್ಲ ಮಾಮೂ" ಎಂದ ಅಳಿಯ. ಇದು ನ್ಯಾಯವಾದ ಮಾತು. ಎರಡು ದಿನದ ರಜೆಯವನಿಂದ ತಿಂಗಳುಗಟ್ಟಲೆ ತಂಗಿದವನ ಕಥನ ನಿರೀಕ್ಷಿಸಲಾಗದು. ಆದರೆ ಒಂದು ಹೆಸರು ಕೇಳಲು ಎಷ್ಟು ಹೊತ್ತು ಬೇಕು?

ಅರಿಯದೆ ನೋಡುವುದರಲ್ಲಿ ಅಪಾಯವೂ ಇದೆ. ಒತ್ತಡದ ಗಾಳಿಯನ್ನು ನೀರಿನಡಿ ಉಸಿರಾಡಿದವರ ರಕ್ತದಲ್ಲಿ ಸಾರಜನಕ ಕರಗಿರುತ್ತದೆ. ಮೇಲಿನ ಒತ್ತಡ ಬೇಗ ಇಳಿದರೆ ಅದು ಗುಳ್ಳೆಯಾಗಿ ನೋವು, ಪಾರ್ಶ್ವವಾಯುವನ್ನೂ ತರಬಲ್ಲದು. ಒಮ್ಮೆ ಇಳಿದವರು ಕನಿಷ್ಠ 12 ಗಂಟೆ, ಮತ್ತೆ ಮತ್ತೆ ಇಳಿದವರು 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮ ಇರುವುದು ಇದಕ್ಕೇ. ಎತ್ತರದ ಘಟ್ಟ ಹತ್ತುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸ್ವಲ್ಪ ಹೊತ್ತು ಕಡಿಮೆ ಆಳದಲ್ಲಿದ್ದವನಿಗೆ ಅಪಾಯ ಕಡಿಮೆಯೇ, ನಮ್ಮವನಿಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಶಿರಾಡಿ ಘಟ್ಟ ಹತ್ತುವಾಗ ವ್ಯಾನಿನಲ್ಲಿದ್ದ ಒಬ್ಬನಿಗೂ ಈ ವಿಷಯ ತಿಳಿದಿರಲಿಲ್ಲ.

2024ರ ಡಿಸೆಂಬರ್ 10ರಂದು ಅದೇ ಮುರುಡೇಶ್ವರದ ದಡದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಒಳನಾಡಿನ ಮಕ್ಕಳು. ಕಡಲ ಚಿತ್ರಗಳನ್ನು ಅವರೂ ಕಂಡಿರಬೇಕು. ಅಲೆ ಹಿಂದಿರುಗುವಾಗ ಕಾಲ ಕೆಳಗಿನ ಮರಳನ್ನೇ ಎಳೆಯುತ್ತದೆ ಎಂಬುದನ್ನು ಯಾವ ಚಿತ್ರ ಹೇಳಿಕೊಡುತ್ತದೆ?

ನಮ್ಮ ಬೆಟ್ಟಗಳ ಪಾಡೂ ಇದೇ. 2006ರ 'ಮುಂಗಾರು ಮಳೆ'ಯಲ್ಲಿ ಸಕಲೇಶಪುರ, ಮಡಿಕೇರಿಯ ಮಳೆ ಎಷ್ಟು ಚೆಂದ ಕಂಡಿತೆಂದರೆ, ಆಮೇಲೆ ಮಳೆ ನೋಡಲೆಂದೇ ಜನ ಬರತೊಡಗಿದರು. ಆ ಚಿತ್ರ ನಮಗೂ ಇಷ್ಟ. ಆದರೆ ಕೊಳೆರೋಗಕ್ಕೆ ಕಾಫಿ ಉದುರುವುದು, ಮುಸ್ಸಂಜೆ ಆನೆ ಇದೆಯೆಂದು ಕೂಲಿಯವರು ದಾರಿ ಬದಲಿಸುವುದು ಅದರ ಚೌಕಟ್ಟಿನಾಚೆ ಉಳಿದವು.

ಮೊನ್ನೆ ಅಳಿಯನಿಗೆ ನಾವೂ ಒಂದು ಚಿತ್ರ ತೋರಿಸಿದೆವು. ಯಾರೋ ನಗರದವರು ಕಳೆದ ಮಳೆಗಾಲ ಇಲ್ಲಿಗೆ ಬಂದು ಮಾಡಿದ್ದು. ಮಂಜು, ಹಳ್ಳ, ಉರಿಯುವ ಕಟ್ಟಿಗೆ, ಬಿಸಿಲೆಯ ತಿರುವು. ನಡುವೆ ಎರಡು ಸೆಕೆಂಡು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟದಲ್ಲಿ ಬಗ್ಗಿರುವ ಒಬ್ಬ ಹೆಂಗಸು. ಅವನು ತಟ್ಟನೆ ಚಿತ್ರ ನಿಲ್ಲಿಸಿದ.

"ಅರೇ, ಇದು ನಮ್ಮ ಪಕ್ಕದ ಮನೆ ಖಾಲಾ!"

ನಾವು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನೇ ಹೇಳಿದ, ದೋಣಿಯವರ ನಂಬರಿಗೆ ಫೋನ್ ಮಾಡಿದ್ದನಂತೆ. ಎತ್ತಿದವರು, ದಿನಕ್ಕೆ ಎಷ್ಟೋ ಮಂದಿಯನ್ನು ಇಳಿಸುತ್ತೇವೆ, ಅವತ್ತು ನಿಮ್ಮ ಜೊತೆ ಇದ್ದದ್ದು ಯಾರೋ ಗೊತ್ತಿಲ್ಲ ಎಂದರಂತೆ.