ಇಂಡಕ್ಷನ್ ಒಲೆಗೆ ಯಾವ ಬ್ಯಾಟರಿ?

ಟೆಕ್ಸಸ್‌ನ ಸೌತ್‌ಲೇಕ್‌ನಿಂದ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಆರ್‌ವಿಯಲ್ಲಿ ಹೊರಟ ಕನ್ನಡ ಕುಟುಂಬದ ಜೊತೆ ಮಿಕ್ಸಿ, ಇಂಡಕ್ಷನ್ ಒಲೆ ಎರಡೂ ಹೊರಡುತ್ತವೆ. ಇಡೀ ಹಗಲಿನ ಹಾದಿ. ತಲುಪಿದ ಕಡೆ ಕರೆಂಟಿನ ಪ್ಲಗ್ ಇಲ್ಲದಿದ್ದರೆ ಚಟ್ನಿ, ಅನ್ನ ಎಲ್ಲವೂ ಇನ್ವರ್ಟರ್ ಮೇಲೆಯೇ ಆಗಬೇಕು.

ಊರಿನ ಮನೆಯ ಯುಪಿಎಸ್‌ಗೆ ಡಿಸ್ಟಿಲ್ಡ್ ವಾಟರ್ ತುಂಬಿ ಅಭ್ಯಾಸವಿದ್ದವರು ಬ್ಯಾಟರಿಯ ಮೇಲೆ ಮೊದಲು ಹುಡುಕುವುದು ಆಂಪಿಯರ್-ಅವರ್ ಎಷ್ಟೆಂದು. ಅದು ಅರ್ಧ ಲೆಕ್ಕ ಮಾತ್ರ. 550 ವ್ಯಾಟ್‌ನ ಮಿಕ್ಸಿ ಐದು ನಿಮಿಷ ತಿರುಗಿದರೂ ಖರ್ಚು ಸುಮಾರು 50 ವ್ಯಾಟ್-ಅವರ್. ಯಾವ ಬ್ಯಾಟರಿಯಾದರೂ ತಾಳುತ್ತದೆ. 1500 ವ್ಯಾಟ್‌ನ ಒಲೆಯ ಮಾತೇ ಬೇರೆ. ಇನ್ವರ್ಟರಿನ ನಷ್ಟವೂ ಸೇರಿ ಅದು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 130 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಎಷ್ಟೋ ಲಿಥಿಯಂ ಬ್ಯಾಟರಿಗಳ ಒಳಗಿನ ರಕ್ಷಣಾ ಸರ್ಕ್ಯೂಟ್ 100 ಆಂಪಿಯರ್‌ಗೇ ಕೈ ಎತ್ತುತ್ತದೆ. ಚಾರ್ಜ್ ತುಂಬಿದ್ದರೂ ಒಲೆ ಆರುವುದು ಹೀಗೆ. ಅಂಥ ಎರಡನ್ನು ಸಮಾನಾಂತರವಾಗಿ ಜೋಡಿಸಬೇಕು. ಕೇಬಲ್ ದಪ್ಪವಿರಬೇಕು, ಗಿಡ್ಡವಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು.

ಗಾಲ್ಫ್ ಕಾರ್ಟ್‌ನ 6 ವೋಲ್ಟಿನ ಸೀಸದ ಬ್ಯಾಟರಿಗಳ ಜೋಡಿಯನ್ನು ಹಳಬರು ಇನ್ನೂ ನೆಚ್ಚುತ್ತಾರೆ. ಟ್ರೋಜನ್ ಟಿ-105 ಜೋಡಿ 225 ಆಂಪಿಯರ್-ಅವರ್ ಕೊಡುತ್ತದೆ, ಆದರೆ 20 ಗಂಟೆ ನಿಧಾನವಾಗಿ ಎಳೆದರೆ. ಬಿರುಸಾಗಿ ಎಳೆದಷ್ಟೂ ಕಡಿಮೆ ಕೊಡುವುದು ಸೀಸದ ಗುಣ. ಬಾಳಿಕೆ ಬೇಕಿದ್ದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತೆಯೂ ಇಲ್ಲ. ತೂಕ ಐವತ್ತು ಕಿಲೋ ದಾಟುತ್ತದೆ. ಫ್ಯಾನು, ದೀಪಗಳಿಗೆ ಅದು ಸಾಕು, ಒಲೆಗೆ ಅಲ್ಲ.

ಹಾಗಾಗಿ ಆಯ್ಕೆ ಲಿಥಿಯಂ ಐರನ್ ಫಾಸ್ಫೇಟ್. ಅದರ ಬೇರು ಟೆಕ್ಸಸ್‌ನದೇ: ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯ. 1997ರ ಮೂಲ ಪ್ರಬಂಧದ ಮೇಲೆ ಇರುವ ಹೆಸರುಗಳು ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಗುಡ್‌ಇನಫ್. ನಂಜನಗೂಡಿನ ದೇವರ ಹೆಸರು ಆ ಸಾಲಿನಲ್ಲಿ ಕಂಡಾಗ ಕನ್ನಡದ ಮನಸ್ಸು ಅರಳದೆ ಇರದು. ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ಗುಡ್‌ಇನಫ್ 2019ರಲ್ಲಿ ನೊಬೆಲ್ ಹಂಚಿಕೊಂಡಾಗ ಅವರಿಗೆ 97 ವರ್ಷ.

ಆದರೆ ಈ ಬ್ಯಾಟರಿಗೆ ಚಳಿ ಆಗದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಟೆಕ್ಸಸ್‌ನಲ್ಲಿ ಎಲ್ಲಿಯ ಚಳಿ ಎನ್ನುವವರು 2021ರ ಫೆಬ್ರವರಿ 16ನ್ನು ನೆನೆಯಬೇಕು: ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ ಪಾದರಸ ಮೈನಸ್ 19ಕ್ಕೆ ಇಳಿದಿತ್ತು. ಬೇಸಿಗೆಯ ಬಿಸಿಲೂ ಬ್ಯಾಟರಿಯ ಆಯಸ್ಸು ತಿನ್ನುತ್ತದೆ. ಅದನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ಗಾಡಿಯೊಳಗೆ ಮಂಚದ ಕೆಳಗೆ ಇಡುವುದೇ ಸರಿ.

ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಸತತವಾಗಿ ಎಷ್ಟು ಆಂಪಿಯರ್ ಕೊಡುತ್ತದೆ? ಚಳಿಯಲ್ಲಿ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆಯೇ? ಗಾಡಿಯ ಹಳೆಯ ಚಾರ್ಜರ್ ಸೀಸದ ಬ್ಯಾಟರಿಗೆಂದು ಮಾಡಿದ್ದಾದರೆ ಅದನ್ನೂ ಬದಲಿಸಿ.